ಪಕ್ಕದ ಕಂಬ

ಕಾಲೇಜಿಗೆ ಪೋರ್ಟಲ್ ಬಂದಿದೆ.
ಅಂಕ ಇನ್ನು ಬರೆಯುವುದಲ್ಲ, ಏರಿಸುವುದಂತೆ,
ಮಂಜಿಗೆ ಮೂಟೆ ಏರಿಸಿದ ಹಾಗೆ.
ಹೀಗೆಂದವರು ಪ್ರಾಂಶುಪಾಲರು, ಬಂದರಿನ ಕಡೆಯವರು.

ಮೊದಲ ಸಲ ಏರಿಸಿದಾಗ
ಕನ್ನಡದಲ್ಲಿ ಟೈಪಿಸಿದ ಹೆಸರುಗಳೆಲ್ಲ
ಪ್ರಶ್ನೆಚಿಹ್ನೆಗಳಾಗಿ ಬಿದ್ದವು.
ಮೆಲ್ರಿಡಾ ಎಂದರೆ ಎಂಟು ಪ್ರಶ್ನೆ,
ಯಜ್ಞೇಶ ಎಂದರೆ ಆರು.
ಇಪ್ಪತ್ತೆರಡು ವರ್ಷ ಕೇಳುತ್ತ ಬಂದವಳಿಗೆ
ಇಡೀ ತರಗತಿ ತಿರುಗಿ ಕೇಳಿದ ಹಾಗೆ.

"ಇಂಗ್ಲಿಷಲ್ಲಿ ಹಾಕಿ ಮಿಸ್," ಎಂದ ಲ್ಯಾಬಿನ ಸುಕೇಶ.
ಹಾಕಿದೆ.

ಕಾಲಮ್ಮಿಗೆ ನಾನು ಕಂಬ ಎನ್ನುತ್ತೇನೆ, ಅವನಿಗೆ ನಗು.
ನನ್ನ ಪಟ್ಟಿಯದು ಪೇಪರು ತಿದ್ದಿದ ಕ್ರಮ,
ಪೋರ್ಟಲ್ಲಿಗೆ ಎಬಿಸಿಡಿ ಬೇಕು.
ಹೆಸರು, ರಿಜಿಸ್ಟರ್ ನಂಬರು, ಎರಡು ಕಂಬ ಹಿಡಿದೆ.
ಪಕ್ಕದ ಕಂಬವನ್ನೂ ಜತೆಗೆ ಕರೆದೊಯ್ಯಲೇ
ಎಂದು ಅದು ಕೇಳಿತ್ತು, ಸುಳ್ಳು ಹೇಳಬಾರದು.
ಬೇಡವೆಂದು ಒತ್ತಿದ್ದು ನನ್ನದೇ ಬೆರಳು.
ಏಪ್ರಿಲಿನ ಸೆಕೆ, ನಿಂತ ಫ್ಯಾನು, ಆರೂವರೆಯ ಬಸ್ಸು.
ಕಾರಣಗಳು ಹೌದು. ನೆಪಗಳೂ ಹೌದು.

ಅರವತ್ತೆರಡು ಸಾಲು ಯಶಸ್ವಿ. ಹಸಿರು ಅಕ್ಷರ.
ಒಂದು ಅಂಕವೂ ಕಳೆದಿರಲಿಲ್ಲ.
ಮೊತ್ತ ಅದೇ, ಸರಾಸರಿ ಅದೇ,
ಮನುಷ್ಯರು ಮಾತ್ರ ಅದಲುಬದಲು.

ಬಲ್ಮಠದ ಇಳಿಜಾರಿನಲ್ಲಿ ಫೋನು ಟಿಂಗೆಂದಿತು.
ಯಜ್ಞೇಶ ಸಾಲ್ಯಾನ್.
"ಥ್ಯಾಂಕ್ಸ್ ಮಿಸ್. ಹದಿನೆಂಟು ಎಣಿಸಿರಲಿಲ್ಲ."

ನಾನೂ ಎಣಿಸಿರಲಿಲ್ಲ ಮಾರಾಯ.
ನಿನಗೆ ಕೊಟ್ಟದ್ದು ನಾಲ್ಕು, ಚೆನ್ನಾಗಿ ನೆನಪುಂಟು.
ಷಟ್ಪದಿಗೆ ಪ್ರಸ್ತಾರ ಹಾಕು ಎಂದರೆ
ಎರಡು ಸಾಲು ಹಾಕಿ, ಪೆನ್ನು ಹಿಡಿದೇ ನಿದ್ದೆಹೋಗಿದ್ದೆ.
ಬೆಳಗಿನ ಮೂರಕ್ಕೆ ಎದ್ದು, ದಕ್ಕೆಯಲ್ಲಿ ಮಂಜುಗಡ್ಡೆ ಒಡೆದು,
ಬೆಂಗ್ರೆಗೆ ಫೆರಿ ದಾಟಿ ಅಂಗಿ ಬದಲಿಸಿ,
ಅದೇ ಫೆರಿಯಲ್ಲಿ ತಿರುಗಿ ಬರುವ ಹುಡುಗ.
ಗುರುವಿನ ಗೆರೆಯೊಂದು ಕಾಗದ ದಾಟಿ
ಡೆಸ್ಕಿನ ಮೇಲೆ ಗೇಣುದ್ದ ಹೋಗಿತ್ತು.

ಹತ್ತಿದ ಬಸ್ಸಿನಿಂದ ಇಳಿದೆ.
ವಾಚ್‌ಮನ್ ಬೀಗ ತೆಗೆದ, ಮುಖ ನೋಡಿ ಏನೂ ಕೇಳಲಿಲ್ಲ.
ಹಳೆಯದರ ಮೇಲೆ ಹೊಸದು ಹಾಕಲೇ?
ಈ ಸಲ ಪ್ರತಿ ಅಕ್ಷರ ಓದಿ
ಹೌದು ಎಂದೆ.
ಮತ್ತೆ ಹಸಿರು. ಅದಕ್ಕೆ ಎರಡೂ ಒಂದೇ.

ಮರುದಿನ ಕುದ್ರೋಳಿಯ ಝುಲೈಖಾ ಬಂದಳು.
ಆ ಹದಿನೆಂಟರ ಒಡತಿ, ಸಂಜೆ ಅವಳಿಗೆ ಸಿಕ್ಕಿದ್ದು ಏಳು.
ಸರಿ ಮಾಡಿದ್ದೇನೆ ನೋಡು ಎಂದೆ.
"ಬೆಳಿಗ್ಗೆ ನೋಡಿದೆ ಮಿಸ್. ಆದರೆ ರಾತ್ರಿ ಇಡೀ
ಏಳು ಯಾಕೆ ಅಂತ ಹುಡುಕಿದೆ.
ನಾಲ್ಕನೇ ಉತ್ತರ ತಪ್ಪುಂಟು. ನೀವು ರೈಟ್ ಹಾಕಿದ್ದೀರಿ."

ಹೌದು, ಹಾಕಿದ್ದೆ.
ಈಗ ಹದಿನೇಳು.

ಕೊನೆಯ ಬೆಂಚಿಗೆ ನಾನೇ ಹೋದೆ.
ತಪ್ಪು ನನ್ನದು ಎಂದೆ. ಅದನ್ನು ಹೇಳಲು ಕಾಲು ಒಂದಷ್ಟು ತಡೆಯಿತು.
"ಪರವಾಗಿಲ್ಲ ಮಿಸ್. ಅಮ್ಮನಿಗೆ ಹೇಳಿಯಾಗಿತ್ತು, ಅಷ್ಟೆ."
ಈಗ?
"ಈಗ ಎಂತ. ಮೀನು ಮಾರುವವರಿಗೆಲ್ಲ ಗೊತ್ತಾಗಿಯಾಯ್ತು."
ನಕ್ಕ. ಅವನ ಕೈಬೆರಳ ತುದಿಗಳು
ಇನ್ನೂ ಬೆಳ್ಳಗೆ, ನೆನೆದ ಅಕ್ಕಿಯ ಹಾಗೆ ಮುರುಟಿದ್ದವು.

ಪಟ್ಟಿಯ ತುತ್ತತುದಿಗೆ
ಷರಾ ಎಂಬ ಒಂದು ಕಂಬ ಉಂಟು, ಯಾರೂ ತುಂಬುವುದಿಲ್ಲ.
ನಾಲ್ಕರ ಪಕ್ಕದಲ್ಲಿ ಬರೆದೆ,
ಮೂರು ಗಂಟೆಗೆ ಎದ್ದವನು, ಇನ್ನೊಮ್ಮೆ ಬರೆಯಲಿ.
ಕನ್ನಡದಲ್ಲೇ ಬರೆದೆ, ಗೊತ್ತಿದ್ದೂ.

ಪ್ರಶ್ನೆಚಿಹ್ನೆಗಳಾಗಿ ಬಿತ್ತು.
ಇದೆಂತ ಮಿಸ್ ಎಂದ ಸುಕೇಶ, ಅಳಿಸಲು ಕೈ ಚಾಚುತ್ತ.
ಷರಾ, ಎಂದೆ.
ಇರಲಿ ಬಿಡು.