ಈಚೆಗೆ

ಕಿಟಾಲೆ ಕೋರ್ಟಿನಲ್ಲಿ ನಾನು ದುಭಾಷಿ.
"ಈಚೆಗೆ ಕದ್ದ ಮಾಲು ಕೈಯಲ್ಲಿದ್ದರೆ
ಆ ಕೈಯೇ ವಿವರ ಹೇಳಬೇಕು," ಎಂದರು ಮ್ಯಾಜಿಸ್ಟ್ರೇಟ್.
ನಸಿಮಿಯುವಿಗೆ ಅದನ್ನು ಅವಳ ಬುಕುಸುವಿನಲ್ಲಿ ಹೇಳಹೋಗಿ
'ಈಚೆಗೆ' ಎಂಬಲ್ಲಿ ತಡವರಿಸಿದೆ.
ಮೊನ್ನೆಯೆ? ಹೋದ ಮೆಕ್ಕೆಜೋಳದ ಕೊಯ್ಲೆ?
ಫೋನಾದರೆ ಮೂರು ದಿನಕ್ಕೆ ಮೂರು ಜೇಬು ದಾಟುತ್ತದೆ;
ಹೊಲಿಗೆ ಯಂತ್ರ, ಕಬ್ಬಿಣದ ಕಾಲಿನದು,
ಎಷ್ಟು ದೂರ ನಡೆದೀತು ಹನ್ನೊಂದು ದಿನದಲ್ಲಿ?

"ಕೊಂಡು ವರ್ಷವಾಯಿತು. ಬೈಕಿನವನೊಬ್ಬ ತಂದ.
ಬೆಲೆ ಕೇಳಿದೆ, ಹೆಸರು ಕೇಳಲಿಲ್ಲ."
ನಾನೂ ಹಾಗೇ ಹೇಳಿದೆ, ಅವಳಷ್ಟೇ ಮೆಲ್ಲಗೆ.

ನಂಬರು ಉಜ್ಜಿಹೋಗಿದೆ.
ದೂರು ಕೊಟ್ಟ ಮುದುಕ ಚೆಸೊಲಿ, ಟೋಪಿ ಹಿಸುಕುತ್ತ:
"ಬಾಬಿನ್ನಿನಲ್ಲಿ ನೇರಳೆ ದಾರವಿತ್ತು ಸ್ವಾಮಿ,
ಇಗರ್ಜಿಯ ಹಾಡುಗಾರರ ನಿಲುವಂಗಿಗೆ ತಂದದ್ದು.
ಆ ಬಣ್ಣ ಈ ಊರಲ್ಲಿ ಸಿಗುವುದಿಲ್ಲ."
ಪೇದೆ ಬಾಬಿನ್ ತೆಗೆದು ಎತ್ತಿ ತೋರಿಸಿದ:
ಖಾಲಿ.

ಮೂರನೆಯ ಬೆಂಚಿನಲ್ಲಿ ಅವಳ ಮಗಳು,
ನೆಲಕ್ಕೆ ಎಟುಕದ ಕಾಲು ಆಡಿಸುತ್ತ.
ಶಾಲೆಯ ಬೂದು ಲಂಗ, ಬಿಚ್ಚಿ ಇಳಿಸಿದ ಅಂಚು,
ಅಂಚಿನುದ್ದಕ್ಕೂ ಸಣ್ಣ ಸಣ್ಣ
ನೇರಳೆ ಹೊಲಿಗೆ.

"ಇನ್ನೇನಾದರೂ ಹೇಳುವುದಿದೆಯೆ?" ಎಂದರು, ನನ್ನತ್ತ ನೋಡಿ.
ಆಡಿದ ಮಾತಿಗಷ್ಟೇ ನನ್ನ ಪ್ರಮಾಣ.
ನಸಿಮಿಯು ಬಾಯಿ ತೆರೆಯಲಿಲ್ಲ.
ಅದನ್ನೂ ತಪ್ಪಿಲ್ಲದೆ ಅನುವಾದಿಸಿದೆ.