ಜೋಡು

ಪದ್ಯದಲ್ಲಿ ವೀರ ಜೋಡು ತೊಟ್ಟು ಹೊರಟ.
ಕ್ಲಾಸಿಗೆ ಕ್ಲಾಸೇ ನಕ್ಕಿತು.
ಹಿಂದಿನ ಬೆಂಚಿನವನೊಬ್ಬ ಕಾಲೆತ್ತಿ ತೋರಿಸಿದ:
ತೊಟ್ಟಿದ್ದೋ ಮೆಟ್ಟಿದ್ದೋ, ಮೇಡಂ?
ಎಲ್ಲರೂ ನನ್ನ ಕಡೆ ತಿರುಗಿದರು.
ಗೋಪಿ ಸರ್ಕಲ್ಲಿನ ತಿರುವಲ್ಲಿ ಕೊಡೆಯಡಿ ಕೂರುವ ಹಾಲಪ್ಪ
ನನ್ನಪ್ಪ ಅಂತ ಅವರಿಗೆ ಗೊತ್ತು.

ಗಂಗಾಂಬಿಕೆ ಮೇಡಂ ನಗಲಿಲ್ಲ.
ಬೋರ್ಡಿನ ಮೇಲೆ ಬರೆದರು: ಜೋಡು ಅಂದರೆ ಕವಚ.
ಉಕ್ಕಿನ ಬಳೆಗೆ ಬಳೆ ಕೊಂಡಿ ಹಾಕಿ ಹೆಣೆದ ಅಂಗಿ,
ಬಾಣದ ಮೊನೆ ಸಿಕ್ಕಿಕೊಂಡು ಸೋಲಬೇಕು ಅದರಲ್ಲಿ.
ಎದೆಯ ಮೇಲಿದ್ದ ಮಾತು
ಕಾಲಿಗೆ ಯಾವಾಗ ಇಳಿಯಿತೋ
ನನಗೂ ಸರಿಯಾಗಿ ಗೊತ್ತಿಲ್ಲ ಕಣ್ರೋ, ಅಂದರು.

ಸಂಜೆ ದುರ್ಗಿಗುಡಿಯುದ್ದಕ್ಕೂ
ಆ ಮಾತನ್ನು ಕಲ್ಲಿನ ಹಾಗೆ ಒದೆಯುತ್ತ ಬಂದೆ.
ಜೋಡೆತ್ತು. ಜೋಡುನಳಿಗೆ ಕೋವಿ.
ತಕ್ಕ ಜೋಡು ಸಿಕ್ತು ನೋಡು, ಅಂದಿದ್ದರು
ಸೋದರತ್ತೆಯ ಮದುವೆಯಲ್ಲಿ;
ಮೂರು ವರ್ಷಕ್ಕೆ ಬರಿಗಾಲಲ್ಲಿ ವಾಪಸ್ಸು ಬಂದಳು.
ಆ ಜೋಡೂ ಇಲ್ಲ, ಈ ಜೋಡೂ ಇಲ್ಲ.
ಜೋಡಲ್ಲಿ ಹೊಡೀತೀನಿ ಅಂದರೆ ಬೈಗುಳ,
ಜೋಡು ಹೊರಗೆ ಬಿಟ್ಟು ಬಾ ಅಂದರೆ ಮರ್ಯಾದೆ.

ಹೊಸನಗರದ ಕಡೆ ಒಂದು ದೊಡ್ಡ ಮನೆಯ ಮುಂದೆ
ಅಜ್ಜ, ತಾನೇ ಹೊಲಿದ ಜೋಡನ್ನು
ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದನಂತೆ,
ಬೇಲಿ ದಾಟಿದ ಮೇಲೆ ಮೆಟ್ಟುತ್ತಿದ್ದನಂತೆ.
ಕಂಕುಳಿಗೂ ಎದೆಗೂ ಗೇಣು ದೂರ.
ಅಷ್ಟು ಹೊತ್ತು ಆ ಮಾತು
ತನ್ನ ಹಳೇ ಜಾಗದ ಪಕ್ಕಕ್ಕೇ ಹೋಗಿ ಕೂತಿತ್ತು.

ಅಪ್ಪನಿಗೆ ಹೇಳಿದೆ.
ಯಾರದೋ ಕಿತ್ತ ಉಂಗುಟಕ್ಕೆ ಮೇಣದ ದಾರ ಎಳೆಯುತ್ತಿದ್ದ,
ಒಂದು ತುದಿ ಹಲ್ಲಲ್ಲಿ.
ಯುದ್ಧಕ್ಕೆ ಹಾಕ್ಕಂಡು ಹೋಗದಾ?
ಹೂಂ.
ಹರಿದ್ರೆ?
ಪುಸ್ತಕ ತಿರುವಿದೆ. ಬಿಲ್ಲಿಗೆ ಹೆಸರಿತ್ತು,
ಶಂಖಕ್ಕೆ ಹೆಸರಿತ್ತು, ಕುದುರೆಗಳಿಗೂ ಒಂದೊಂದು.
ಮಾಡ್ಕೊಟ್ಟೋನ ಹೆಸರು ಬರ್ದಿಲ್ವಾ,
ಅಂದ, ದಾರ ಬಿಡದೆ.

ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು
ಕಾದ ಟಾರಿನ ಮೇಲೆ ಊರಲಾರದೆ ಕುಣಿಯುತ್ತಿದ್ದ ಗಿರಾಕಿ
ಬೇಗ ಮಾರಾಯ, ತೀರ್ಥಹಳ್ಳಿ ಬಸ್ಸು ಹೋಗ್ತದೆ, ಅಂದ.
ಅಪ್ಪ ತನ್ನ ಪಕ್ಕದ ರಟ್ಟನ್ನು ಅವನ ಕಾಲಡಿಗೆ ತಳ್ಳಿದ.
ಆಮೇಲೆ, ಯಾರೂ ಕೇಳದಿದ್ದರೂ,
ಇನ್ನೊಂದು ಹೊಲಿಗೆ ಹಾಕಿದ.