ಯಾರ ಕಿಸೆ

ಹುಬ್ಬಳ್ಳಿ ಕೊಪ್ಪೀಕರ ರೋಡಿನ ಅಂಗಡಿಯೊಳಗ
ಆ ಹುಡುಗ (ಮಕ್ತುಮ್ ಅಂತ ಅಂಗಿ ಮ್ಯಾಲೆ ಬರದಿತ್ತು)
ಗಾಜಿನ ಮ್ಯಾಲೆ ಮೂರು ಸಾಮಾನು ಇಟ್ಟ.
ಒಂದು ಅಂಗೈಯಷ್ಟು.
ಒಂದು ಸಾಲಿ ಹುಡುಗರ ಪಾಟಿಯಷ್ಟು.
ಒಂದು ಮುಚ್ಚಿದ್ರ ಖಾತೆ ಪುಸ್ತಕ, ತೆರೆದ್ರ ಕಿಟಕಿ.

"ಈ ಸಣ್ಣ ಟ್ಯಾಬ್ ನೋಡ್ರಿ ಅಕ್ಕಾರ, ಕಿಸೇದಾಗ ಹಿಡೀತೈತಿ."
ಯಾರ ಕಿಸೇದಾಗ? ಅಂದೆ.
ಅಂವ ತನ್ನ ಪ್ಯಾಂಟಿನ ಕಿಸೆ ಬಡಿದು ತೋರಿಸಿದ,
ಆಮ್ಯಾಲೆ ನನ್ನ ಸೀರಿ ನೋಡಿದ,
ಆಮ್ಯಾಲೆ ಸುಮ್ಮನ ಗಾಜು ಒರೆಸಿದ.

ನಾ ಬ್ಯಾಡಗಿ ಪ್ಯಾಟಿಯೊಳಗ ದಲಾಲಿ ಅಂಗಡಿ ಲೆಕ್ಕ ಬರೆಯಾಕಿ.
ಟೆಂಡರಿನ ದಿನ ಚೀಲದ ಗುಡ್ಡದ ನಡುವ
ಡಬ್ಬಿ ಎಷ್ಟು, ಕಡ್ಡಿ ಎಷ್ಟು, ಯಾವ ಲಾಟು ಯಾರಿಗೆ,
ಅಂಗೈ ಮ್ಯಾಲೆ ಬರಕೊಂಡು ಓಡಿ ಬರೂದ್ರಾಗ
ಬೆವರಿಗೆ ಮೂರರ ಹೊಟ್ಟಿ ಮುಚ್ಚಿ ಎಂಟಾಗಿರತೈತಿ.
ಹೋದ ವರ್ಷ ಹಂಗ ಒಂದು ಎಂಟಿಗೆ
ಐದು ಚೀಲದ ರೊಕ್ಕ ಕೈಲೆ ಕಟ್ಟೇವಿ.
ಕೊಟ್ರಗೌಡ್ರು ಅಂದ್ರು:
"ಒಂದು ಕಂಪ್ಯೂಟರ್ ತಗೊಂಡು ಬಾ ಶಿವಲೀಲಾ,
ಹೊತಗೊಂಡು ತಿರಗೂವಂಥಾದ್ದು. ಇಪ್ಪತ್ತು ಸಾವಿರದ ಒಳಗ."

ಮೊದಲೂ ಒಂದು ಲ್ಯಾಪ್‌ಟಾಪ್ ಇತ್ತು ನಮ್ಮಲ್ಲಿ.
ಮೆಣಸಿನಕಾಯಿ ಧೂಳು ಅದರ ಹಲ್ಲಿನ ಸಂದಿಗೆ ಹೊಕ್ಕು
ಒಮ್ಮೆ 'ಕ' ಒತ್ತಿದರ 'ಕಕಕಕ' ಅಂತ ಕೆಮ್ಮತಿತ್ತು.
ರಿಪೇರಿಯವ ಬೆನ್ನು ಬಿಚ್ಚಿದ,
ಕೆಂಪಗಿದ್ದದ್ದು ಕಂಡ, ಏಳು ಸಲ ಸೀನಿದ,
"ಇದು ಕಂಪ್ಯೂಟರ್ ಅಲ್ಲರಿ, ಮಸಾಲಿ ಡಬ್ಬಿ" ಅಂತ
ಹಂಗ ಮುಚ್ಚಿ ಕೊಟ್ಟ.

ಸಣ್ಣದ್ರಾಗ ಸುಖ ಅಂತೇನಿಲ್ಲ.
ನಲವತ್ತು ಕಾಲಮ್ಮಿನ ಹಾಳಿ ಅದರಾಗ ತೆರೆದು ನೋಡಿದೆ,
ಬಾಗಿಲ ಸಂದಿಯಿಂದ ಮದವಿ ನೋಡಿದಂಗ:
ರೈತನ ಹೆಸರು ಕಂಡರ ತೂಕ ಕಾಣೂದಿಲ್ಲ,
ತೂಕ ಕಂಡರ ಧಾರಣಿ ಗ್ವಾಡಿ ಆಚೆ.
ಪಾಟಿಯಂಥಾದ್ದು ಚಂದ ಐತಿ, ಆದ್ರ
ಕೂಸಿನಂಗ ಎರಡೂ ಕೈ ಬೇಡತೈತಿ,
ನನಗೊಂದು ಕೈ ಬೇಕು, ಕಾಯಿ ಮುರಿದು ನೋಡಾಕ.

"ಬೇಕಂದ್ರ ಇದಕ್ಕೂ ಕೀಬೋರ್ಡ್ ಹಚ್ಚಿ ಕೊಡತೇನ್ರಿ" ಅಂದ ಮಕ್ತುಮ್.
ಹಂಗಾದ್ರ ಅದು ಲ್ಯಾಪ್‌ಟಾಪ ಆತಲ್ಲೋ ತಮ್ಮಾ.
ಇಬ್ಬರೂ ನಕ್ಕೇವಿ.
ಚಹಾ ತರಿಸಿದ. ಕುಡಕೋತ ವಿಚಾರ ಮಾಡಿದೆ.

ತುಂಬು ಬಿಡಸೂ ಹೆಣ್ಣಮಕ್ಕಳು
ಸೀರಿ ಮ್ಯಾಲೆ ಗಂಡಸರ ಅಂಗಿ ಹಾಕ್ಕೋತಾರ,
ಅದಕ್ಕ ಕಿಸೆ ಐತಿ, ಖರೆ.
ಎದಿ ಮ್ಯಾಲೆ ಐತಿ. ಬಗ್ಗಿದರ ಎಲ್ಲಾ ಉದರತೈತಿ.
ಬಗ್ಗಲಾರದವರ ಸಲವಾಗಿ ಹೊಲದ ಕಿಸೆ ಅದು.

ಬಿಲ್ಲಿನ ಹಾಳಿ ಬೋರಲು ಹಾಕಿ
ಸಣ್ಣ ಟ್ಯಾಬ್ ಅದರ ಮ್ಯಾಲೆ ಇಟ್ಟು
ಪೆನ್ನಿನಿಂದ ಸುತ್ತಲೂ ಗೆರಿ ಎಳದೆ,
ಕೂಸಿನ ಪಾದದ ಅಳತಿ ತಗೊಂಡಂಗ.
ರೊಕ್ಕ ಕೊಡಲಿಲ್ಲ. ಹಾಳಿ ಮಡಚಿ ತಂದೆ.

ಸ್ಟೇಶನ್ ಹಾದಿ ಟೇಲರ್ ಮೌಲಾಬಿ
ಆ ಹಾಳಿ ತಿರುವ್ಯಾಡಿ ನೋಡಿ ಕೇಳಿದಳು,
"ಎಲ್ಲಿ ಹಚ್ಚಲಿ? ಎಡಕ್ಕೋ, ಬಲಕ್ಕೋ?"
ನನಗ ಗೊತ್ತಿರಲಿಲ್ಲ.
ನಲವತ್ತೊಂದು ವರ್ಷ, ಯಾರೂ ಕೇಳಿದ್ದಿಲ್ಲ.
ಟೇಪು ಕೊರಳಾಗ, ಸೂಜಿ ಜಂಪರಿನಾಗ,
ಸೀಮೆಸುಣ್ಣ ಕಿವಿ ಹಿಂದ ಸಿಗಿಸಿಕೊಂಡು
ಆಕೀನೂ ವಿಚಾರಕ್ಕ ಬಿದ್ದಳು.
ಗಂಡಸರ ಅಂಗಿಗೆ ಎಷ್ಟು ಸಾವಿರ ಕಿಸೆ ಹೊಲದಾಳೋ ಏನೋ.

ಕಡೀಕ ಬಲಕ್ಕ, ಟೊಂಕದ ಕೆಳಗ,
ದಪ್ಪ ಖಾಕಿ ಬಟ್ಟಿದು, ಬಾಯಿಗೆ ಗುಂಡಿ ಹಚ್ಚಿ,
ಮುಂಗವಚದಂಥಾ ಒಂದಕ್ಕ.

ಇವತ್ತು ಸೋಮವಾರ.
ಟ್ಯಾಬ್ ಇನ್ನೂ ತಂದಿಲ್ಲ, ಇಲ್ಲಾ ಪಾಟಿಯಂಥಾದ್ದೋ,
ನೋಡಬೇಕು, ಬುಧವಾರ ಹುಬ್ಬಳ್ಳಿಗೆ ಹೋಗೂದೈತಿ.
ಚೀಲದ ಗುಡ್ಡದ ನಡುವ, ಕೂಗಾಟದಾಗ,
ಖಾಲಿ ಕಿಸೇದಾಗ ಕೈ ಇಟ್ಟು ನಿಂತೇನಿ,
ಆ ಕಡೆ ಖರೀದಿದಾರ್ರು ನಿಂತಾರಲ್ಲ, ಹಂಗ.
ಕೈಗೆ ಎಷ್ಟು ತಂಪು ಅನಸ್ತೈತಿ ಇಲ್ಲಿ.
ಖಾರ ಹತ್ತಿದ ಬೆರಳು, ಒಂದೊಂದಾಗಿ,
ನಿದ್ದಿ ಹೋಗಾಕ ಹತ್ಯಾವು.